ಹಿತ್ತಲಿನ ಸೇಬು: ಬಿಸಿಲು ನಾಡಿನಲ್ಲಿ ಅದರ ಆರೈಕೆ

ಸೇಬು ಚಳಿನಾಡಿನ ಹಣ್ಣು ಎಂದು ಭೂಗೋಳದ ಪಾಠದಲ್ಲಿ ಕಲಿಸುತ್ತೇವೆ. ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡ ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುವರು. ಹೀಗಿರಲು, ಈಚಿನ ಕೆಲವು ವರ್ಷಗಳಿಂದ ನಮ್ಮ ತೊಂಡಾಮುತ್ತೂರಿನ ಕಡೆಗೂ ಸಸಿ ಮಾರುವ ಗಾಡಿಗಳಲ್ಲಿ ತೆಂಗು, ಮಾವು, ನಿಂಬೆಗಳ ನಡುವೆ ಸೇಬಿನ ಗಿಡವೂ ಬಂದು ಕುಳಿತಿದೆ. ಕೆಂಪು ಹಣ್ಣು ಜೋತಾಡುವ ಚಿತ್ರವೊಂದನ್ನು ಅದಕ್ಕೆ ಕಟ್ಟಿರುತ್ತಾರೆ. ಮಕ್ಕಳು ಹಟ ಹಿಡಿಯುತ್ತಾರೆ. ತಂದೆ ಒಂದು ದಿನದ ಕೂಲಿಯಷ್ಟು ಹಣ ತೆತ್ತು ಗಿಡವನ್ನು ಮನೆಗೆ ತರುತ್ತಾನೆ. ಎರಡು ವರ್ಷ ಕೊಡ ಕೊಡ ನೀರು ಹೊತ್ತು ಹಾಕಿದ ತಾಯಿ ಕಡೆಗೆ ಕೇಳುತ್ತಾಳೆ: "ಮೇಷ್ಟ್ರೇ, ಎಲೆ ಏನೋ ಚೆನ್ನಾಗಿಯೇ ಇದೆ, ಹೂವೇ ಕಾಣಲಿಲ್ಲವಲ್ಲ?" ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಲಾಗದು. ಆದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಕಳೆದುಕೊಳ್ಳೋಣ. ಹಳೆಯ ಮೈಸೂರಿನ ಪುಸ್ತಕಗಳಲ್ಲಿ ಸೀಬೆ ಎಂದು ಕಂಡರೆ ಅದು ನಾವು ಇಲ್ಲಿ ಕೊಯ್ಯಾ ಎನ್ನುವ ಪೇರಲೆಹಣ್ಣು. ಸೇಬು ಬೇರೆ. ಸೇಬು ಗುಲಾಬಿಯ ಕುಟುಂಬಕ್ಕೆ ಸೇರಿದ ಮರ. ಅದರ ಹೂವನ್ನು ನೋಡಿದವರು ಆ ನಂಟನ್ನು ಸುಲಭವಾಗಿ ಒಪ್ಪುವರು. ಇದರ ತವರು ಮಧ್ಯ ಏಷ್ಯದ ತಿಯಾನ್ ಶಾನ್ ಪರ್ವತಗಳ ತಪ್ಪಲು. ಅಲ್ಲಿಯ ಕಜಾಕಸ್ತಾನದಲ್ಲಿ ಕಾಡುಸೇಬಿನ ತೋಪುಗಳು ಇಂದಿಗೂ ಇವೆ. ಅಲ್ಲಿ ಚಳಿಗಾಲವೆಂದರೆ ಹಿಮ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸೇಬಿನ ಮರದ ಅರ್ಧ ಸ್ವಭಾವ ತಿಳಿದಂತೆಯೇ.

ಚಳಿನಾಡಿನಲ್ಲಿ ಶರತ್ಕಾಲ ಕಳೆಯುತ್ತಲೇ ಸೇಬಿನ ಮರ ಎಲೆಗಳನ್ನೆಲ್ಲ ಉದುರಿಸಿ ನಿದ್ರೆಗೆ ಹೋಗುತ್ತದೆ. ಮುಂದಿನ ವರ್ಷದ ಹೂವು ಆಗಲೇ ಮೊಗ್ಗಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸಿದ್ಧವಾಗಿರುತ್ತದೆ. ನಡು ಚಳಿಗಾಲದಲ್ಲಿ ನಾಲ್ಕು ದಿನ ಬಿಸಿಲು ಕಾಯಿತೆಂದು ಮೊಗ್ಗು ಅರಳಿಬಿಟ್ಟರೆ ಐದನೆಯ ದಿನದ ಹಿಮಕ್ಕೆ ಅದು ಸತ್ತೇ ಹೋಗುವುದು. ಆದಕಾರಣ ಮೊಗ್ಗು ಬಿಸಿಲನ್ನು ನಂಬುವುದಿಲ್ಲ. ಇಷ್ಟು ಗಂಟೆಗಳ ಚಳಿ ತನ್ನ ಮೇಲೆ ಹಾದುಹೋಯಿತೆಂದು ಲೆಕ್ಕವಿಟ್ಟು, ಆ ಲೆಕ್ಕ ತುಂಬಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ತೋಟಗಾರಿಕೆಯವರು ಸಾಮಾನ್ಯವಾಗಿ ೭ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಶಾಖವಿರುವ ಗಂಟೆಗಳನ್ನು ಎಣಿಸುತ್ತಾರೆ. ಅಂಗಡಿಯಲ್ಲಿ ಕಾಣುವ ಡೆಲಿಷಸ್ ಜಾತಿಯ ಕೆಂಪು ಸೇಬಿಗೆ ಇಂತಹ ಗಂಟೆಗಳು ಸಾವಿರದ ಸುಮಾರು ಬೇಕು. ನಮ್ಮ ಕೊಯಮತ್ತೂರಿನಲ್ಲಿ ಧನುರ್ಮಾಸದ ಬೆಳಗಿನ ಜಾವ ಕಂಬಳಿ ಹೊದ್ದರೂ ಶಾಖ ಏಳು ಡಿಗ್ರಿಗೆ ಇಳಿಯುವುದೇ ಇಲ್ಲ. ಹಾಗಾದರೆ ಇಲ್ಲಿಯ ಲೆಕ್ಕ ಸೊನ್ನೆ.

ಲೆಕ್ಕ ತುಂಬದ ಮರ ಏನು ಮಾಡುತ್ತದೆ? ಸಾಯುವುದಿಲ್ಲ. ಕೊಂಬೆಯ ತುದಿಯಲ್ಲಿ ಮಾತ್ರ ಒಂದೆರಡು ಮೊಗ್ಗು ಬಿಚ್ಚುತ್ತದೆ. ನಡುವೆ ಉದ್ದಕ್ಕೂ ಬರಿ ಕಡ್ಡಿ. ಹಳೆಯ ಎಲೆ ಉದುರದೆ, ಹೊಸ ಎಲೆ ಹೆಚ್ಚಾಗಿ ಬಾರದೆ, ಹೂವು ಬಿಟ್ಟರೂ ಒಂದು ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಎಂಬಂತೆ ಬಿಟ್ಟು, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಸಿಮ್ಲಾದ ಜಾತಿಯನ್ನೇ ಇಲ್ಲಿಗೆ ತಂದು ನೆಟ್ಟು, ಇದ್ದಂತೆ ಬಿಟ್ಟುಬಿಟ್ಟವರ ಗಿಡದ ಕಥೆ ಇದೇ. ಗೊಬ್ಬರ ಹೆಚ್ಚು ಹಾಕಿದರೆ ಇದು ಸರಿಹೋಗುವುದಿಲ್ಲ.

ಹಾಗೆಂದು ಬಿಸಿಲು ನಾಡಿನಲ್ಲಿ ಸೇಬು ಬೆಳೆದೇ ಇಲ್ಲವೆಂದು ತಿಳಿಯಬಾರದು. ಬೆಂಗಳೂರನ್ನೇ ನೋಡಿ. ಲಾಲ್‌ಬಾಗಿನಲ್ಲಿ ೧೮೭೪ರಿಂದ ೧೯೦೮ರವರೆಗೆ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಅವರೂ ಅವರ ಬಳಿಕ ಬಂದ ಜರ್ಮನಿಯ ಕ್ರುಂಬಿಗೆಲ್ ಅವರೂ ಹೊರನಾಡಿನ ಹಣ್ಣು, ತರಕಾರಿ, ಹೂಗಿಡಗಳನ್ನು ತರಿಸಿ ಈ ನೆಲಕ್ಕೆ ಒಗ್ಗಿಸುವ ಕೆಲಸದಲ್ಲಿ ಆಯುಸ್ಸನ್ನೇ ಸವೆಸಿದರು. ಸೀಮೆಬದನೆ ನಮ್ಮ ಸಾಂಬಾರಿಗೆ ಬಂದುದು ಇಂತಹವರ ದುಡಿಮೆಯಿಂದಲೇ. ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನ ಸುತ್ತಣ ತೋಟಗಳಲ್ಲಿ ರೋಮ್ ಬ್ಯೂಟಿ ಎಂಬ ಜಾತಿಯ ಸೇಬನ್ನು ಬೆಳೆಯುತ್ತಿದ್ದರು. ನೀರು ನಿಲ್ಲಿಸಿ, ಎಲೆ ಕಿತ್ತು, ಕೊಂಬೆ ಸವರಿ, ಮತ್ತೆ ನೀರು ಕೊಟ್ಟರೆ ಮರ ಹೂ ಬಿಡುವುದೆಂದೂ, ವರ್ಷಕ್ಕೆ ಎರಡು ಬೆಳೆ ಪಡೆಯಬಹುದೆಂದೂ ಅಲ್ಲಿಯ ತೋಟಗಾರರು ಕಂಡುಕೊಂಡಿದ್ದರು. ಊರು ಬೆಳೆಯಿತು, ತೋಟಗಳು ಬಡಾವಣೆಗಳಾದವು. ಆ ಸೇಬು ಈಗ ಪೇಟೆಯಲ್ಲಿಲ್ಲ. ವಿದ್ಯೆ ಮಾತ್ರ ಉಳಿದಿದೆ.

ಇದೇ ವಿದ್ಯೆ ಇಂದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು ಇಂಡೊನೇಷ್ಯದ ಪೂರ್ವ ಜಾವಾದಲ್ಲಿ. ಅಲ್ಲಿ ಮಲಾಂಗ್ ಪಟ್ಟಣದ ಬಳಿ ಬಾಟು ಎಂಬ ಗುಡ್ಡಗಾಡು ಊರು. ಭೂಮಧ್ಯರೇಖೆಯಿಂದ ಕೇವಲ ಎಂಟು ಡಿಗ್ರಿ ದಕ್ಷಿಣ. ಹಿಮವೆಂಬುದನ್ನು ಆ ಊರು ಕಂಡಿಲ್ಲ. ಆದರೂ ಸೇಬೇ ಆ ಊರಿನ ಗುರುತಾಗಿದೆ. ಬೆಳೆ ಕೊಯ್ದು ಸುಮಾರು ಒಂದು ತಿಂಗಳಾಗುತ್ತಲೇ ಆಳುಗಳು ಮರದ ಎಲೆಗಳನ್ನೆಲ್ಲ ಕೈಯಿಂದ ಕೀಳುತ್ತಾರೆ. ಕೊಂಬೆಗಳನ್ನು ಅಡ್ಡಕ್ಕೆ ಬಗ್ಗಿಸಿ ಕಟ್ಟುತ್ತಾರೆ. ಬೋಳಾದ ಮರ ಕೆಲವೇ ವಾರಗಳಲ್ಲಿ ಮೈತುಂಬ ಹೂವಾಗುತ್ತದೆ.

ಇದು ಹೇಗೆ ಸಾಧ್ಯ? ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದಿನ ಆರೈಕೆಯೆಲ್ಲ ಈ ಕಾರಣದ ಮೇಲೆಯೇ ನಿಂತಿದೆ. ಹೊಸದಾಗಿ ಮೂಡಿದ ಮೊಗ್ಗು ಒಮ್ಮೆಗೇ ಗಾಢನಿದ್ರೆಗೆ ಇಳಿಯುವುದಿಲ್ಲ. ಆರಂಭದಲ್ಲಿ ಅದು ಮಲಗಿದ್ದರೂ ಮಲಗಿಸಿದವರು ಬೇರೆ: ಅದರ ಪಕ್ಕದ ಎಲೆ ಮತ್ತು ಕೊಂಬೆಯ ತುದಿಯ ಕುಡಿ. ಎಲೆಯಿಂದಲೂ ಕುಡಿಯಿಂದಲೂ ಹರಿದು ಬರುವ ರಸವಸ್ತುಗಳು ಮೊಗ್ಗನ್ನು ತಡೆದಿಟ್ಟಿರುತ್ತವೆ. ದಿನ ಕಳೆದಂತೆ ಮೊಗ್ಗಿನ ಒಳಗೆ ತನ್ನದೇ ಆದ ನಿದ್ರೆ ಬಲಿಯುತ್ತದೆ. ಆಮೇಲೆ ಚಳಿಯಲ್ಲದೆ ಬೇರೇನೂ ಅದನ್ನು ಎಬ್ಬಿಸದು. ಈ ಎರಡು ಅವಸ್ಥೆಗಳ ನಡುವಣ ಸಂಧಿಯಲ್ಲಿ ಎಲೆಯನ್ನು ಕಿತ್ತು ತುದಿಯನ್ನು ಸವರಿದರೆ, ತಡೆಯುವವರು ಇಲ್ಲವಾಗಿ ಮೊಗ್ಗು ಬಿಚ್ಚುತ್ತದೆ. ಗಾಢನಿದ್ರೆಗೆ ಹೋಗಲು ಅವಕಾಶವನ್ನೇ ಕೊಡದಿರುವುದು ಇದರ ಗುಟ್ಟು. ನಮ್ಮ ಸುತ್ತಲ ಪನ್ನೀರ್ ದ್ರಾಕ್ಷಿಯ ತೋಟಗಳಲ್ಲಿ ಕವಾತ್ತು ಮಾಡಿ ಬೇಕಾದ ಕಾಲಕ್ಕೆ ಬಳ್ಳಿಯನ್ನು ಚಿಗುರಿಸುವುದನ್ನು ಮಕ್ಕಳು ನೋಡಿಯೇ ಇದ್ದಾರೆ. ದ್ರಾಕ್ಷಿಯೂ ಚಳಿನಾಡಿನಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಯೇ. ಅದನ್ನು ಇಲ್ಲಿ ಮಲಗಗೊಡದೆ ದುಡಿಸುತ್ತಿದ್ದೇವೆ. ಸೇಬಿನ ವಿಷಯದಲ್ಲಿ ಮಾಡುವುದೂ ಹೆಚ್ಚು ಕಡಿಮೆ ಅದನ್ನೇ.

ಎರಡನೆಯ ದಾರಿ ಕಡಿಮೆ ಚಳಿ ಸಾಕೆನ್ನುವ ಜಾತಿಗಳನ್ನು ಆರಿಸಿಕೊಳ್ಳುವುದು. ಇಸ್ರೇಲಿನ ಐನ್ ಶೆಮರ್ ಎಂಬ ಸಾಮೂಹಿಕ ಕೃಷಿಗ್ರಾಮದಲ್ಲಿ ಅಬ್ಬಾ ಸ್ಟೈನ್ ಎಂಬವರು ೧೯೫೦ರ ದಶಕದಲ್ಲಿ ಅನ್ನಾ ಎಂಬ ಜಾತಿಯನ್ನು ಸಂಕರಣದಿಂದ ಪಡೆದರು. ಅದಕ್ಕೆ ಸಾವಿರ ಗಂಟೆಗಳ ಬದಲು ಇನ್ನೂರು ಮುನ್ನೂರು ಗಂಟೆ ಚಳಿ ಸಾಕು. ಡಾರ್ಸೆಟ್ ಗೋಲ್ಡನ್ ಎಂಬ ಇನ್ನೊಂದು ಜಾತಿ ಬಹಾಮಾ ದ್ವೀಪಗಳ ನಸ್ಸಾವ್ ಊರಿನಲ್ಲಿ ಐರೀನ್ ಡಾರ್ಸೆಟ್ ಎಂಬ ಗೃಹಿಣಿ ಬೆಳೆಸಿದ ಬೀಜದ ಸಸಿಯಿಂದ ಬಂದುದು. ನಮ್ಮ ದೇಶದಲ್ಲಿ ಈಗ ಹೆಚ್ಚು ಕೇಳಿಬರುವ ಎಚ್.ಆರ್.ಎಂ.ಎನ್. ೯೯ ಎಂಬ ಜಾತಿಯ ಹುಟ್ಟೂ ಹಿತ್ತಲಿನಲ್ಲಿಯೇ. ಹಿಮಾಚಲದ ಬಿಲಾಸಪುರ ಜಿಲ್ಲೆ ತಗ್ಗುಪ್ರದೇಶ, ಬೇಸಗೆಯಲ್ಲಿ ಸುಡುವ ಬಿಸಿಲು. ಅಲ್ಲಿಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ ಅವರ ಹಿತ್ತಲಿನಲ್ಲಿ ೧೯೯೯ರ ಸುಮಾರಿಗೆ, ತಿಂದು ಎಸೆದ ಬೀಜದಿಂದ ಒಂದು ಸೇಬಿನ ಸಸಿ ಎದ್ದಿತು. ಅಲ್ಲಿ ಫಲಿಸಬಾರದ ಅದು ಫಲಿಸಿತು. ಅವರು ಅದರ ಕುಡಿಯನ್ನು ಕಸಿ ಮಾಡಿ ಬೆಳೆಸಿದರು. ಈ ಕಾರ್ಯಕ್ಕಾಗಿ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಿತು. ಈ ಗಿಡಗಳು ಕರ್ನಾಟಕ, ತಮಿಳುನಾಡುಗಳಿಗೂ ಬಂದಿವೆ.

ಇದನ್ನು ಓದಿ ಮಕ್ಕಳು ಅಂಗಡಿಯ ಸೇಬಿನ ಬೀಜವನ್ನು ಹೂಳಲು ಓಡಬಹುದು. ಹೂಳಲಿ, ಆದರೆ ತಿಳಿದು ಹೂಳಲಿ. ಸೇಬಿನ ಬೀಜವೂ ಮೊಗ್ಗಿನಂತೆಯೇ ಚಳಿಯನ್ನು ಎಣಿಸುತ್ತದೆ. ಒದ್ದೆ ಮರಳಿನಲ್ಲಿ ಬೆರೆಸಿ, ಡಬ್ಬಿಯಲ್ಲಿ ಮುಚ್ಚಿ, ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಎರಡು ಮೂರು ತಿಂಗಳು ಇಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಇದು ಶಾಲೆಯ ಮಕ್ಕಳಿಗೆ ಒಳ್ಳೆಯ ಪ್ರಯೋಗ: ಹತ್ತು ಬೀಜ ಫ್ರಿಜ್ಜಿನಲ್ಲಿಟ್ಟು, ಹತ್ತು ಬೀಜ ಹೊರಗಿಟ್ಟು, ಎಷ್ಟೆಷ್ಟು ಮೊಳೆತವೆಂದು ಬರೆದಿಡಿ. ಆದರೆ ಆ ಸಸಿ ತಾಯಿಮರದಂತೆ ಹಣ್ಣು ಕೊಡುವುದೆಂಬ ಭರವಸೆ ಇಲ್ಲ. ಪ್ರತಿಯೊಂದು ಬೀಜವೂ ಎರಡು ಬೇರೆ ಬೇರೆ ಮರಗಳ ಕೂಸು. ಅಣ್ಣತಮ್ಮಂದಿರ ಮುಖ ಒಂದೇ ತೆರನಾಗಿ ಇರುವುದಿಲ್ಲವಷ್ಟೆ. ಫಲ ಕಾಣಲು ಆರರಿಂದ ಹತ್ತು ವರ್ಷ ಬೇಕು. ಆಗಲೂ ಬಹುಮಟ್ಟಿಗೆ ಸಣ್ಣ ಹುಳಿಹಣ್ಣೇ. ಪನಿಯಾಲಾದಲ್ಲಿ ಆದಂತಹ ಯೋಗ ಲಕ್ಷಕ್ಕೆ ಒಂದು. ಕಸಿಗಿಡವಾದರೆ ಎರಡು ಮೂರು ವರ್ಷಕ್ಕೇ ಹೂ ಕಾಣಬಹುದು.

ಬೆಳೆಯನ್ನು ಒಂದು ಹವೆಯಿಂದ ಇನ್ನೊಂದು ಹವೆಗೆ ಒಗ್ಗಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೊಯಮತ್ತೂರಿನ ಕಬ್ಬಿನ ತಳಿ ಸಂಶೋಧನ ಕೇಂದ್ರ ೧೯೧೨ರಲ್ಲಿ ಆರಂಭವಾಯಿತು. ಬಾರ್ಬರ್ ಮತ್ತು ವೆಂಕಟರಾಮನ್ ಅವರು ರಸಕಬ್ಬನ್ನು ಕಾಡುಕಬ್ಬಿನೊಡನೆ ಕೂಡಿಸಿ ಪಡೆದ ಕೋ ೨೦೫ ಎಂಬ ತಳಿ ೧೯೧೮ರಲ್ಲಿ ಪಂಜಾಬಿನ ಚಳಿಯ ನೆಲಕ್ಕೆ ಹೋಯಿತು. ಬಿಸಿಲಿನ ಕಬ್ಬನ್ನು ನಾವು ಬಡಗಣಕ್ಕೆ ಕಳುಹಿಸಿದೆವು. ಈಗ ಬಡಗಣದವರು ಚಳಿಯ ಸೇಬನ್ನು ನಮಗೆ ಕಳುಹಿಸುತ್ತಿದ್ದಾರೆ.

ಇನ್ನು ಗಿಡ ಕೊಳ್ಳುವ ಮಾತು. ಮಾರುವವನು ಜಾತಿಯ ಹೆಸರು ಹೇಳಬೇಕು. "ಕಾಶ್ಮೀರದ ಸೇಬು, ಎಲ್ಲಿ ಬೇಕಾದರೂ ಬರುತ್ತದೆ" ಎಂಬ ಮಾತಿಗೆ ಹಣ ಬಿಚ್ಚಬಾರದು. ಬುಡದಿಂದ ಒಂದು ಗೇಣಿನೊಳಗೆ ಕಸಿಯ ಗಂಟು ಇದೆಯೆ ಎಂದು ನೋಡಿ. ಗಂಟಿಲ್ಲದ ಗಿಡ ಬೀಜದ ಸಸಿ. ಗಂಟಿನ ಕೆಳಗಿನ ಮೂಲಗಿಡ ಯಾವುದೆಂದೂ ಕೇಳಿ. ಎಂ.ಎಂ. ೧೧೧ ಎಂಬುದು ಬರವನ್ನೂ ಶಾಖವನ್ನೂ ಚೆನ್ನಾಗಿ ತಾಳುತ್ತದೆ, ಎಂ.ಎಂ. ೧೦೬ಕ್ಕೆ ನೀರು ನಿಂತರೆ ಬುಡ ಕೊಳೆಯುವ ರೋಗ ಬೇಗ ತಗಲುತ್ತದೆ. ಇವೆರಡೂ ಇಂಗ್ಲೆಂಡಿನಲ್ಲಿ, ಬೇರಿಗೆ ಹತ್ತುವ ಉಣ್ಣೆಹೇನನ್ನು ತಡೆಯಲೆಂದೇ ಸಿದ್ಧಪಡಿಸಿದ ಮೂಲಗಿಡಗಳು.

ಒಂದೇ ಗಿಡ ಸಾಲದು. ಸೇಬಿನ ಹೂವು ಬಹುಮಟ್ಟಿಗೆ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಇನ್ನೊಂದು ಜಾತಿಯ ಪರಾಗ ಜೇನುಹುಳುವಿನ ಕಾಲಿಗಂಟಿಕೊಂಡು ಬರಬೇಕು. ಅನ್ನಾ ಜಾತಿಯ ಗಿಡ ಎರಡು ನೆಟ್ಟರೆ ಪ್ರಯೋಜನವಿಲ್ಲ. ಕಸಿಯಿಂದ ಬಂದ ಅನ್ನಾ ಗಿಡಗಳೆಲ್ಲ ಒಂದೇ ಮರದ ತುಂಡುಗಳಲ್ಲವೆ? ಅನ್ನಾ ಜೊತೆಗೆ ಡಾರ್ಸೆಟ್ ಗೋಲ್ಡನ್ ನೆಡುವುದು ವಾಡಿಕೆ. ಎರಡೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಅರಳುತ್ತವೆ. ಹಿತ್ತಲು ಕಿರಿದಾಗಿದ್ದರೆ ನೆರೆಮನೆಯವರೂ ನೀವೂ ಮಾತಾಡಿಕೊಂಡು ಬೇರೆ ಬೇರೆ ಜಾತಿ ನೆಡಬಹುದು. ಬೇಲಿಯ ಜಗಳವಿರುವ ಕಡೆ ಈ ಸಲಹೆ ನಡೆಯುವುದೋ ಇಲ್ಲವೋ, ತಿಳಿದವರೇ ಹೇಳಬೇಕು.

ಸ್ಥಳ ಆರಿಸುವಾಗ ಮನೆಯ ಮೂಡಣ ಭಾಗ ಉತ್ತಮ. ಬೆಳಗಿನ ಬಿಸಿಲು ಪೂರ್ತಿ ಬೀಳಬೇಕು, ಮೂರು ಗಂಟೆಯ ಮೇಲಿನ ಬಿಸಿಲಿಗೆ ಗೋಡೆಯ ನೆರಳು ಅಡ್ಡವಾಗಬೇಕು. ಇನ್ನೊಂದು ಲಾಭವೂ ಇದೆ. ಆನಿ ಆಡಿ ತಿಂಗಳುಗಳಲ್ಲಿ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಪಡುವಣ ಗಾಳಿ ಎಂತಹದೆಂದು ಬಾಳೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಅದನ್ನೂ ಗೋಡೆಯೇ ತಡೆಯುತ್ತದೆ. ಆದರೂ ಎಳೆಯ ಗಿಡಕ್ಕೆ ಊರುಗೋಲು ಕಟ್ಟಲೇಬೇಕು. ದನದ ಕೊಟ್ಟಿಗೆಯ ನೀರು, ಬಚ್ಚಲ ಸೋಪಿನ ನೀರು ಹರಿಯುವ ಎಡೆ ಬೇಡ.

ನಮ್ಮಲ್ಲಿ ಕೆಮ್ಮಣ್ಣೂ ಉಂಟು, ಎರೆಮಣ್ಣೂ ಉಂಟು. ಕೆಮ್ಮಣ್ಣಾದರೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ, ಹತ್ತು ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಡನೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಒಂದು ಕಿಲೋ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಿ. ಗೆದ್ದಲಿನ ಕಾಟಕ್ಕೆ ಬೇವಿನ ಹಿಂಡಿ ಒಳ್ಳೆಯದು. ಎರೆಮಣ್ಣಾದರೆ ಗುಂಡಿ ತೋಡಬೇಡಿ. ಐಪ್ಪಸಿಯ ಮಳೆಯಲ್ಲಿ ಆ ಗುಂಡಿ ಬಾವಿಯಂತೆ ನೀರು ಹಿಡಿದು ಬೇರನ್ನು ಕೊಳೆಯಿಸುತ್ತದೆ. ಅಲ್ಲಿ ಒಂದು ಅಥವಾ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಕೆಮ್ಮಣ್ಣು, ಮರಳು, ಗೊಬ್ಬರ ಸೇರಿಸಿ, ದಿಬ್ಬದ ಮೇಲೆ ನೆಡಬೇಕು. ಎರಡು ಗಿಡಗಳ ನಡುವೆ ಹತ್ತು ಹನ್ನೆರಡು ಅಡಿ ಬಿಡಿ. ಕಸಿಯ ಗಂಟು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಅದು ಹೂತುಹೋದರೆ ಮೇಲಿನ ಕುಡಿ ತಾನೇ ಬೇರು ಬಿಟ್ಟು ಮೂಲಗಿಡದ ಗುಣವೆಲ್ಲ ವ್ಯರ್ಥವಾಗುತ್ತದೆ.

ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಕಂಡಕೂಡಲೇ ಮುರಿದು ಹಾಕಿ. ಈ ನಿಯಮಕ್ಕೆ ಚರಿತ್ರೆಯಲ್ಲಿ ಒಂದು ಸೊಗಸಾದ ಅಪವಾದವುಂಟು. ೧೮೧೭ರ ಸುಮಾರಿನಲ್ಲಿ ಅಮೆರಿಕದ ಓಹಾಯೋ ಸೀಮೆಯ ಜೋಯಲ್ ಜಿಲೆಟ್ ಎಂಬವನು ತರಿಸಿದ ಸೇಬಿನ ಸಸಿಗಳಲ್ಲಿ ಒಂದು ಗುಣವಿಲ್ಲದ್ದೆಂದು ಕಂಡು ಅದನ್ನು ಮಗನಿಗೆ ಕೊಟ್ಟುಬಿಟ್ಟನು. ಹುಡುಗ ಅದನ್ನು ಹೊಳೆಯ ದಡದಲ್ಲಿ ನೆಟ್ಟನು. ಗಂಟಿನ ಕೆಳಗಿನಿಂದ ಎದ್ದ ಚಿಗುರೇ ಬೆಳೆದು ದೊಡ್ಡ ಕೆಂಪು ಹಣ್ಣು ಕೊಟ್ಟಿತು. ಆ ಊರಿನ ಸೀಮೆಗೆ ರೋಮ್ ಎಂಬ ಹೆಸರಿದ್ದುದರಿಂದ ಹಣ್ಣು ರೋಮ್ ಬ್ಯೂಟಿ ಎನಿಸಿಕೊಂಡಿತು. ಬೆಂಗಳೂರಿಗೂ ಜಾವಾಕ್ಕೂ ಹೋದ ಜಾತಿ ಅದೇ. ಆದರೂ ನೀವು ಮುರಿಯಿರಿ.

ನೀರಿನ ವಿಷಯದಲ್ಲಿ ನಮ್ಮವರು ಎರಡು ತುದಿಗೂ ಹೋಗುವರು. ಪ್ರೀತಿಯಿಂದ ದಿನವೂ ಕೊಡ ಸುರಿಯುವುದು ಒಂದು; ಕೊಳವೆಬಾವಿ ಬತ್ತಿದಾಗ ಮರೆತೇಬಿಡುವುದು ಇನ್ನೊಂದು. ಮೊದಲ ವರ್ಷ ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಕೊಡದಷ್ಟು, ಅಂದರೆ ಹತ್ತು ಹದಿನೈದು ಲೀಟರು ಸಾಕು. ಬೇಸಗೆಯಲ್ಲಿ ಇನ್ನೊಂದು ಸಲ ಹೆಚ್ಚಿಸಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ನೀರು ಬೇಡ. ಪಾತಿಯ ತುಂಬ ತೆಂಗಿನ ನಾರು, ಅಡಿಕೆ ಸಿಪ್ಪೆ, ಒಣಗಿದ ಬಾಳೆಲೆ ಹೊದಿಸಿದರೆ ನೀರಿನ ಅರ್ಧ ಚಿಂತೆ ಕಳೆಯುತ್ತದೆ. ಹೊದಿಕೆ ಬುಡಕ್ಕೆ ತಗಲಬಾರದು; ಒಂದು ಗೇಣು ಬಿಡಿ. ಎಳೆಯ ಕಾಂಡಕ್ಕೆ ಸುಣ್ಣದ ತಿಳಿಯನ್ನು ಬಳಿದರೆ ಏಪ್ರಿಲ್ ಬಿಸಿಲಿಗೆ ತೊಗಟೆ ಸುಟ್ಟು ಸೀಳದು. ಸೀಳಿದ ತೊಗಟೆಯೇ ಕಾಂಡಕೊರಕ ಹುಳುವಿಗೆ ಬಾಗಿಲು.

ಮೊದಲ ಎರಡು ವರ್ಷ ಹಣ್ಣಿನ ಆಸೆ ಬಿಟ್ಟು ಗಿಡದ ಮೈಕಟ್ಟನ್ನು ಬೆಳೆಸಬೇಕು. ನೆಟ್ಟ ಗಿಡವನ್ನು ಮೊಳಕಾಲಿನ ಮೇಲಿನ ಎತ್ತರಕ್ಕೆ ತುದಿ ಕತ್ತರಿಸಿ, ಬರುವ ಚಿಗುರುಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕನ್ನು ಉಳಿಸಿ. ಅವು ನೇರ ಮೇಲಕ್ಕೆ ಓಡದಂತೆ ಹುರಿಯಿಂದ ಕಟ್ಟಿ, ಹುರಿಯ ತುದಿಗೆ ಕಲ್ಲು ಕಟ್ಟಿ, ಅಡ್ಡಕ್ಕೆ ಬಗ್ಗಿಸಬೇಕು. ಈ ಕೆಲಸವನ್ನು ಮಕ್ಕಳಿಗೆ ಬಿಡಿ. ಅವರು ಸಂತೋಷದಿಂದ ಮಾಡುವರು. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಕುಡಿಯೇ ಯಜಮಾನ. ಕೊಂಬೆ ಅಡ್ಡಬಿದ್ದರೆ ಯಜಮಾನಿಕೆ ಸಡಿಲಿ ಪಕ್ಕದ ಮೊಗ್ಗುಗಳಿಗೂ ಅವಕಾಶ ಬರುತ್ತದೆ. ಹೂವು ಹುಟ್ಟುವುದು ಆ ಪಕ್ಕದ ಗಿಡ್ಡ ಕಡ್ಡಿಗಳಲ್ಲಿ. ಆದ್ದರಿಂದ ಸವರುವಾಗ ಬೆರಳುದ್ದದ ಗಿಡ್ಡ ಕಡ್ಡಿಗಳನ್ನು ಕಸವೆಂದು ಕತ್ತರಿಸಬಾರದು.

ಮೂರನೆಯ ವರ್ಷದಿಂದ ಎಲೆ ಕೀಳುವ ಕ್ರಮ. ಕಾಲವನ್ನು ಎಲ್ಲಿಂದಲೋ ಬಂದ ಪಂಚಾಂಗದಿಂದ ಎತ್ತಿಕೊಳ್ಳದೆ ನಮ್ಮ ಹವೆಗೆ ತಕ್ಕಂತೆ ನಿಶ್ಚಯಿಸಬೇಕು. ನಮಗೆ ಮುಖ್ಯ ಮಳೆ ಅಕ್ಟೋಬರ್, ನವೆಂಬರ್ ತಿಂಗಳದು. ಅದು ಹಿಂದೆಗೆದ ಮೇಲೆ ಡಿಸೆಂಬರ್ ನಡುವಿನಿಂದ ನೀರನ್ನು ಕಡಿಮೆ ಮಾಡುತ್ತ ಬಂದು ಎರಡು ಮೂರು ವಾರ ಪೂರ್ತಿ ನಿಲ್ಲಿಸಿ. ಸಂಕ್ರಾಂತಿಗೆ ಮುಂಚೆ, ಜನವರಿಯ ಮೊದಲ ವಾರದಲ್ಲಿ, ಎಲ್ಲ ಎಲೆಗಳನ್ನೂ ಕೀಳಿ. ಕೀಳುವಾಗ ಎಲೆಯನ್ನು ಕೆಳಕ್ಕೆ ಜಗ್ಗಿದರೆ ಕಂಕುಳಿನ ಮೊಗ್ಗೂ ತೊಗಟೆಯೂ ಕಿತ್ತುಬರುತ್ತವೆ. ತುದಿಯ ಕಡೆಗೆ, ಮೇಲ್ಮುಖವಾಗಿ ಕೀಳಬೇಕು. ಅನುಮಾನವಿದ್ದರೆ ತೊಟ್ಟನ್ನು ಬಿಟ್ಟು ಎಲೆಯನ್ನು ಮಾತ್ರ ಕತ್ತರಿಸಿ. ತುದಿಗಳನ್ನು ನಾಲ್ಕು ಬೆರಳು ಸವರಿ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆಯಿರಿ. ಬಳಿಕ ಒಂದು ಬುಟ್ಟಿ ಗೊಬ್ಬರ ಹಾಕಿ ಪಾತಿ ತುಂಬ ನೀರು ಕೊಡಿ. ಎಲ್ಲ ಸರಿಹೋದರೆ ಮೂರು ನಾಲ್ಕು ವಾರಗಳಲ್ಲಿ ಗುಲಾಬಿ ಬಣ್ಣದ ಮೊಗ್ಗು ಕಾಣುವುದು.

ದ್ರಾಕ್ಷಿತೋಟಗಳಲ್ಲಿ ಮೊಗ್ಗು ಒಡೆಯಲು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಬಳಸುವುದುಂಟು. ಅದು ಮೈಗೆ ತಾಗಿದರೂ ಕೆಡುಕು ಮಾಡುವ ವಿಷ. ಮಕ್ಕಳು ಆಡುವ ಹಿತ್ತಲಿಗೆ ಅದನ್ನು ಯಾವ ಕಾರಣಕ್ಕೂ ತರಕೂಡದು. ಒಂದೆರಡು ಗಿಡಕ್ಕೆ ಹತ್ತು ಬೆರಳು ಸಾಕು.

ವರ್ಷಕ್ಕೆ ಎರಡು ಬೆಳೆ ತೆಗೆಯಬಹುದಲ್ಲ ಎಂದು ಕೇಳುವರು. ಬೆಂಗಳೂರು ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ; ಬಾಟುವಿನ ತೋಟಗಳೂ ಅಂತಹ ಎತ್ತರದವೇ. ನಾವಿರುವುದು ೪೦೦ ಚಿಲ್ಲರೆ ಮೀಟರಿನಲ್ಲಿ. ಎರಡನೆಯ ಬೆಳೆಗಾಗಿ ಜುಲೈಯಲ್ಲಿ ಎಲೆ ಕಿತ್ತರೆ ಹೂವು ಗಾಳಿಗೂ ಕಾಯಿ ಮಳೆಗಾಲದ ರೋಗಗಳಿಗೂ ಸಿಕ್ಕುತ್ತದೆ. ಮನೆಯ ಗಿಡಕ್ಕೆ ಒಂದೇ ಬೆಳೆ ಲೇಸೆಂದು ನನ್ನ ಅಭಿಪ್ರಾಯ. ಉಳಿದ ಕಾಲದಲ್ಲಿ ಅದು ಎಲೆ ತುಂಬಿಕೊಂಡು ಮುಂದಿನ ಹೂವಿಗೆ ಅನ್ನ ಕೂಡಿಟ್ಟುಕೊಳ್ಳಲಿ.

ಹೂ ಬಿಟ್ಟಾಗ ಯಾವ ಔಷಧವನ್ನೂ ಸಿಂಪಡಿಸಬಾರದು. ತುಡುವೆಜೇನು ಸತ್ತರೆ ಕಾಯಿಯೇ ಇಲ್ಲ. ಒಂದು ಗೊಂಚಲಿನಲ್ಲಿ ನಾಲ್ಕೈದು ಕಾಯಿ ಕಚ್ಚಿದರೆ ಕಡಲೆಗಾತ್ರವಾದಾಗ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತುಬಿಡಿ. ಇದನ್ನು ಮಾಡಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಆದರೆ ಎಳೆಯ ಮರ ಐದನ್ನೂ ಸಾಕಲಾರದು. ಐದೂ ನಿಂಬೆಗಾತ್ರಕ್ಕೆ ನಿಂತುಹೋಗುತ್ತವೆ.

ರೋಗ ಕೀಟಗಳಲ್ಲಿ ಮುಖ್ಯವಾದವನ್ನು ಮಾತ್ರ ಹೇಳುತ್ತೇನೆ. ಕೊಂಬೆಯ ಸಂದಿನಲ್ಲಿ ಹತ್ತಿಯ ಅರಳೆಯಂತೆ ಬೆಳ್ಳಗೆ ಕಂಡರೆ ಅದು ಉಣ್ಣೆಹೇನು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಉಜ್ಜಿ ತೆಗೆಯಿರಿ. ಎಲೆಚುಕ್ಕೆ, ಕೊಂಬೆ ಒಣಗುವಿಕೆಗೆ ಬೋರ್ಡೋ ದ್ರಾವಣ ಇಂದಿಗೂ ನಂಬಿಗಸ್ತವಾದುದು. ೧೦೦ ಗ್ರಾಂ ಮೈಲುತುತ್ತವನ್ನು ಐದು ಲೀಟರು ನೀರಿನಲ್ಲಿ, ೧೦೦ ಗ್ರಾಂ ಸುಟ್ಟ ಸುಣ್ಣವನ್ನು ಇನ್ನೈದು ಲೀಟರು ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆ ಬಳಸಿ. ಹೊಳೆಯುವ ಕಬ್ಬಿಣದ ಮೊಳೆಯನ್ನು ಅದರಲ್ಲಿ ಅದ್ದಿ ನೋಡಿ. ಮೊಳೆಯ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಕಬ್ಬಿಣ ತಾಮ್ರವನ್ನು ಹೊರದೂಡುವ ಈ ಕ್ರಿಯೆಯನ್ನು ಹತ್ತನೆಯ ತರಗತಿಯವರು ಪಾಠದಲ್ಲಿ ಓದಿದ್ದಾರೆ. ದ್ರಾವಣವನ್ನು ಮಾಡಿದ ದಿನವೇ, ಎಲೆ ಕಿತ್ತ ಬೋಳುಮರಕ್ಕೆ ಸಿಂಪಡಿಸಿ. ಮಾಡುವವರು ಹಿರಿಯರೇ ಆಗಿರಲಿ.

ಈಗ ಹಣ್ಣಿನ ಮಾತು. ಸೇಬಿಗೆ ಕೆಂಪು ಬರುವುದು ತಂಪಾದ ರಾತ್ರಿಗಳಿಂದ. ಮಾರ್ಚ್, ಏಪ್ರಿಲ್‌ನ ನಮ್ಮ ರಾತ್ರಿಗಳಲ್ಲಿ ಅದು ಹಸುರು ಹಳದಿಯಾಗಿಯೇ ಉಳಿದು, ಬಿಸಿಲು ಕಂಡ ಮಗ್ಗುಲಲ್ಲಿ ಅಲ್ಪ ಕೆಂಪೇರಬಹುದು. ಅಂಗಡಿಯ ಹಣ್ಣಿನಷ್ಟು ಗಟ್ಟಿಯಾಗಿಯೂ ಇರುವುದಿಲ್ಲ, ವಾರಗಟ್ಟಲೆ ಬಾಳುವುದೂ ಇಲ್ಲ. ಇಷ್ಟು ನೀರು, ಇಷ್ಟು ಶ್ರಮ ಹಾಕಿ ಇದೇಕೆ ಎಂದು ಕೇಳುವವರಿಗೆ ನಾನು ಸಂಕೋಚವಿಲ್ಲದೆ ಹೇಳುವುದಿದೆ: ಹಿತ್ತಲಿನಲ್ಲಿ ಒಂದೇ ಮರಕ್ಕೆ ಎಡೆಯಿದ್ದು, ಮನೆಯ ಮಕ್ಕಳು ಹಣ್ಣು ತಿನ್ನಬೇಕೆಂಬುದೇ ಉದ್ದೇಶವಾದರೆ, ಕೊಯ್ಯಾ, ಸಪೋಟ, ನೆಲ್ಲಿ ಇವುಗಳಲ್ಲೊಂದನ್ನು ನೆಡಿ. ಅವು ಈ ನೆಲಕ್ಕೆ ಒಗ್ಗಿದ ಮರಗಳು. ಸೇಬು ಎರಡನೆಯ, ಮೂರನೆಯ ಎಡೆಗೆ. ನಿಜವಾದ ಸೇಬಿನ ತೋಟ ನೋಡಬೇಕೆಂದರೆ ಬೆಟ್ಟ ಹತ್ತಬೇಕು. ಕೂನೂರಿನಲ್ಲಿ ೧೯೨೦ರಿಂದ ಹಣ್ಣಿನ ಸಂಶೋಧನ ಕೇಂದ್ರವಿದೆ. ಕೊಡೈಕಾನಲಿನ ಸಂಶೋಧನ ಕೇಂದ್ರವು ಪಾರ್ಲಿನ್ಸ್ ಬ್ಯೂಟಿ ಎಂಬ ಜಾತಿಯನ್ನು ಕೆ.ಕೆ.ಎಲ್. ೧ ಎಂಬ ಹೆಸರಿನಲ್ಲಿ ಬೆಟ್ಟದ ರೈತರಿಗೆ ಕೊಟ್ಟಿದೆ. ಅದು ಬೆಟ್ಟಕ್ಕೆ, ಬಯಲಿಗಲ್ಲ. ಗಿಡದ ವಿಷಯದಲ್ಲಿ ಸಂದೇಹ ಬಂದರೆ ಸಸಿಗಾಡಿಯವನನ್ನು ಕೇಳುವುದಕ್ಕಿಂತ, ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಂದು ಎಲೆಯನ್ನೂ ಹಿಡಿ ಮಣ್ಣನ್ನೂ ಕೊಂಡುಹೋಗಿ ತೋರಿಸುವುದು ಮೇಲು.

ಹಣ್ಣು ಬಲಿಯಿತೆಂದು ತಿಳಿಯಲು ಬಣ್ಣವನ್ನು ನಂಬಬೇಡಿ. ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ಸ್ವಲ್ಪ ತಿರುಚಿದರೆ ತೊಟ್ಟು ತಾನೇ ಕಳಚಬೇಕು. ಕೊಯ್ದು ನೋಡಿದರೆ ಬೀಜ ಕಂದಾಗಿರಬೇಕು. ಬೀಜ ಬೆಳ್ಳಗಿದ್ದರೆ ಇನ್ನೊಂದು ವಾರ ಕಾಯಿರಿ. ಅಷ್ಟರೊಳಗೆ ಗಿಳಿ, ಅಳಿಲು ಬರುವುವು; ಹಳೆಯ ಪಂಚೆಯ ಬಟ್ಟೆಯಿಂದ ಸಣ್ಣ ಚೀಲ ಹೊಲಿದು ಪ್ರತಿ ಕಾಯಿಗೂ ಕಟ್ಟಿದರೆ ಬಿಸಿಲಿನ ಸುಡುವಿಕೆಯೂ ತಪ್ಪುತ್ತದೆ. ಮರುದಮಲೈ, ವೆಳ್ಳಿಯಂಗಿರಿ ಬೆಟ್ಟಗಳ ಬುಡದಲ್ಲಿ ಮನೆಯಿರುವವರು ಬಿದ್ದ ಹಣ್ಣನ್ನು ಅಂಗಳದಲ್ಲಿ ರಾಶಿ ಹಾಕದೆ ಅಂದಂದೇ ಹೂತುಬಿಡಲಿ. ಬಾಳೆಗೂ ಹಲಸಿಗೂ ಬರುವ ಆನೆಗೆ ಇನ್ನೊಂದು ಹಣ್ಣಿನ ರುಚಿಯನ್ನು ನಾವಾಗಿ ಕಲಿಸುವುದು ಬೇಡ.